ಗೋಡೆಯ ಹುಲಿಗೆ ಮನುಷ್ಯರನ್ನು ಉಣಿಸಬೇಡಿ

ಗೋಡೆಚಿತ್ರದ ಎದುರು ಕ್ಯಾಮೆರಾ ಹಿಡಿದು ಕಾಯುವವರ ಮೇಲೆ ಇಷ್ಟು ಸಿಟ್ಟು ಬರುತ್ತದೆಂದು ನಾನು ಎಣಿಸಿರಲಿಲ್ಲ. ನಾನೂ ಅದೇ ಕೆಲಸ ಮಾಡುವವನು. ಭಾನುವಾರ ಬೆಳಗ್ಗೆ ನಾನು ಎಲ್ಲಿರುತ್ತೇನೆ ಎಂಬುದು ನನ್ನ ಮನೆಯವರಿಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದರೆ ಮೊನ್ನೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಿಂದ ಸ್ವಲ್ಪ ಆಚೆ ಕಂಡದ್ದನ್ನು ಬರೆಯದೆ ಇರಲು ಆಗುತ್ತಿಲ್ಲ.

ಅಲ್ಲೊಂದು ಕಾಂಪೌಂಡ್ ಗೋಡೆಯ ಮೇಲೆ ಬಾಯಿ ತೆರೆದ ಹುಲಿಯಿದೆ. ಎದುರಿನ ಫುಟ್‌ಪಾತಿನಲ್ಲಿ ಫೋಟೊ ವಾಕ್‌ಗೆ, ಅಂದರೆ ಬೀದಿ ಸುತ್ತುತ್ತ ಚಿತ್ರ ತೆಗೆಯುವ ನಡಿಗೆಗೆ, ಬಂದವರ ಒಂದು ಗುಂಪು ಸಾಲಾಗಿ ನಿಂತಿತ್ತು. ಹಾದು ಹೋಗುವವರ ತಲೆ ಸರಿಯಾಗಿ ಹುಲಿಯ ಬಾಯಿಗೆ ಬರುವ ಗಳಿಗೆಯನ್ನು ಹಿಡಿಯುವುದು ಅವರ ಲೆಕ್ಕ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓಡುತ್ತಿದ್ದ ಒಬ್ಬ ಹಾದು ಹೋದ. ಒಬ್ಬರೂ ಕ್ಯಾಮೆರಾ ಎತ್ತಲಿಲ್ಲ. ದೇವಸ್ಥಾನಕ್ಕೆ ಹೊರಟಿದ್ದ ಗಂಡ ಹೆಂಡತಿ ಹಾದು ಹೋದರು, ಆಗಲೂ ಎತ್ತಲಿಲ್ಲ. ಆಮೇಲೆ ತಲೆಯ ಮೇಲೆ ಸೊಪ್ಪಿನ ಗಂಟು ಹೊತ್ತ ಹೆಂಗಸೊಬ್ಬರು ಬಂದರು. ಅಷ್ಟೂ ಕ್ಯಾಮೆರಾಗಳು ಒಟ್ಟಿಗೆ ಮೇಲೆದ್ದವು.

ಲೆಕ್ಕ ತಪ್ಪಿತು. ಗಂಟು ಹುಲಿಯ ಕಿವಿಗೆ ಅಡ್ಡ ಬಂತು. ಗುಂಪಿನ ಹುಡುಗನೊಬ್ಬ ರಸ್ತೆ ದಾಟಿ ಓಡಿ, "ಅಮ್ಮ, ಇನ್ನೊಂದು ಸಲ ಅಲ್ಲಿಂದ ನಡೆದು ಬರುತ್ತೀರಾ? ಸ್ವಲ್ಪ ಗೋಡೆ ಪಕ್ಕಕ್ಕೆ" ಎಂದ. ತಲೆಯ ಮೇಲೆ ಹೊರೆಯಿದ್ದವರು ಕತ್ತು ತಿರುಗಿಸುವುದಿಲ್ಲ, ಇಡೀ ಮೈ ತಿರುಗಿಸುತ್ತಾರೆ. ಆಕೆ ಹಾಗೆಯೇ ತಿರುಗಿದರು. ಸಿಂಬೆ ಒಂದು ಪಕ್ಕಕ್ಕೆ ಜಾರಿತ್ತು. ಒಂದು ಕೈಯಲ್ಲಿ ಗಂಟು ಹಿಡಿದು ಇನ್ನೊಂದು ಕೈಯಲ್ಲಿ ಅದನ್ನು ಸರಿಮಾಡಿಕೊಂಡರು. ದಂಟಿನ ಸೊಪ್ಪಿಗೆ ಚಿಮುಕಿಸಿದ್ದ ನೀರು ಕಿವಿಯ ಹಿಂದಿನಿಂದ ಕತ್ತಿಗೆ ಇಳಿಯುತ್ತಿತ್ತು. ಆಕೆ ಹಿಂದಕ್ಕೆ ಹೋಗಿ ಮತ್ತೆ ನಡೆದು ಬಂದರು. ಈ ಸಲ ಹುಲಿಯ ಬಾಯಿಗೆ ತಲೆ ಸರಿಯಾಗಿ ಬಂತು. ಗುಂಪು ನಕ್ಕಿತು.

"ಯಾವ ಪೇಪರಿನಲ್ಲಿ ಬರುತ್ತದಪ್ಪ?" ಎಂದು ಆಕೆ ಕೇಳಿದರು.

"ಬರುತ್ತದೆ ಅಮ್ಮ" ಎಂದು ಯಾರೋ ಹೇಳಿದರು. ತೆಗೆದ ಚಿತ್ರವನ್ನು ಆಕೆಗೆ ಒಬ್ಬರೂ ತೋರಿಸಲಿಲ್ಲ.

ನಾನು ಹೋಗಿ ಕೇಳಿದೆ. "ಸರ್, ಇದು ಸ್ಟ್ರೀಟ್ ಫೋಟೊಗ್ರಫಿ, ತಮಾಷೆಗೆ" ಎಂಬ ಉತ್ತರ ಬಂತು. ಆ ಮಾತು ಇನ್ನೂ ನನ್ನ ತಲೆಯಲ್ಲಿ ಕೊರೆಯುತ್ತಿದೆ.

ತಮಾಷೆಯಾದರೆ ಆಗಲಿ, ಯಾರ ಖರ್ಚಿನಲ್ಲಿ? ಈ ಬಗೆಯ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿ. ಬಣ್ಣದ ಹದ್ದಿನ ಕೊಕ್ಕಿಗೆ ಸಿಕ್ಕಿದವರು ಪೌರಕಾರ್ಮಿಕರು. ಚಿತ್ರದ ದೈತ್ಯ ಕೈ ಹಿಚುಕುತ್ತಿರುವುದು ಎಳನೀರಿನವನ ಕತ್ತನ್ನು. ನಗುವ ರಾಜಕುಮಾರಿಯ ಕೆಳಗೆ ಬಾಗಿ ಕಸ ಗುಡಿಸುತ್ತಿರುವವಳು ಒಬ್ಬ ಮುದುಕಿ. ಕಾರಿನಿಂದ ಇಳಿದವರು ಈ ಚಿತ್ರಗಳಲ್ಲಿ ಇರುವುದೇ ಇಲ್ಲ. ಅವರು ಫುಟ್‌ಪಾತಿನಲ್ಲಿ ನಡೆಯುವುದು ಕಡಿಮೆ, ನಡೆದರೂ ಅವರತ್ತ ಕ್ಯಾಮೆರಾ ಎತ್ತಲು ಕೈ ಹಿಂಜರಿಯುತ್ತದೆ, ಯಾಕೆಂದರೆ ಅವರು ತಿರುಗಿ ಕೇಳುತ್ತಾರೆ. ಕೇಳದವರನ್ನು ಆರಿಸಿಕೊಂಡು ತೆಗೆಯುವುದಕ್ಕೆ ಧೈರ್ಯವೂ ಬೇಡ, ಕಲೆಯೂ ಬೇಡ.

ಗೋಡೆಯ ಮುಂದೆ ಮನುಷ್ಯರನ್ನು ಇಟ್ಟು ಚಿತ್ರ ಕಟ್ಟುವುದು ನಮ್ಮ ಕಾಲದವರು ಕಂಡುಹಿಡಿದದ್ದಲ್ಲ. ಫ್ರೆಂಚ್ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ ಬ್ರೆಸೊನ್ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂಭಾಗದಲ್ಲಿ ತೆಗೆದ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ನಿಂತ ನೀರಿನ ಮೇಲೆ ಒಬ್ಬ ಹಾರುತ್ತಿದ್ದಾನೆ, ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು. ಎಲ್ಲರೂ ಆ ಹಿಮ್ಮಡಿಯನ್ನೇ ನೋಡುತ್ತಾರೆ. ಅವನ ಹಿಂದಿನ ಗೋಡೆಯನ್ನು ನೋಡಿ: ಅಲ್ಲಿ ಅಂಟಿಸಿದ ಪೋಸ್ಟರಿನಲ್ಲಿ ಒಬ್ಬ ನರ್ತಕಿ ಅವನಿಗೆ ಎದುರು ದಿಕ್ಕಿಗೆ ಹಾರುತ್ತಿದ್ದಾಳೆ. ಬೇಲಿಯ ಹಲಗೆಗಳ ಸಂದಿಯಿಂದ ತೆಗೆದ ಚಿತ್ರ ಅದು. ತಮ್ಮ ಚಿತ್ರಗಳನ್ನು ಕತ್ತರಿಸಲು ಒಪ್ಪದ ಆತ ಕತ್ತರಿಸಿದ ತೀರಾ ಕೆಲವೇ ಚಿತ್ರಗಳಲ್ಲಿ ಅದೂ ಒಂದು. ಅಲ್ಲಿ ಗೋಡೆ ಆ ಮನುಷ್ಯನಿಗೆ ಏನು ಮಾಡಿತು ಎಂದು ಯೋಚಿಸಿ. ಒದ್ದೆಯಾಗುವುದರಿಂದ ತಪ್ಪಿಸಿಕೊಳ್ಳಲು ಹಾರಿದ ಯಾವನೋ ಒಬ್ಬ ಒಂದು ಕ್ಷಣ ನರ್ತಕಿಯ ಜೊತೆಗಾರನಾದ. ನೋಡಿದವರ ಮುಖದಲ್ಲಿ ನಗು ಮೂಡುತ್ತದೆ, ಆದರೆ ಆ ನಗುವಿನಲ್ಲಿ ಅವನು ಕುಗ್ಗುವುದಿಲ್ಲ.

ನನಗೆ ಬೇಕಾದದ್ದು ಅಷ್ಟೇ. ಗೋಡೆ ಮನುಷ್ಯನಿಗೆ ಏನಾದರೂ ಕೊಡಬೇಕು. ನಮ್ಮ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ತೆಗೆದು ನೋಡಿ. ಬಡವರು, ಮಕ್ಕಳು, ಮುದುಕರು, ಹಳ್ಳಿಯವರು ತುಂಬಿದ್ದಾರೆ. ಅವರಲ್ಲಿ ಒಬ್ಬರೂ ನೋಡುವವನ ಮುಂದೆ ಸಣ್ಣವರಾಗಿ ನಿಂತಿಲ್ಲ.

ಹಾಗಾದರೆ ಹೇಗೆ ತೆಗೆಯಬೇಕು ಎಂದು ಆ ಹುಡುಗ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಇಷ್ಟು ಹೇಳುತ್ತಿದ್ದೆ. ಮೊದಲು ಗೋಡೆಯ ಜೊತೆ ಸಮಯ ಕಳೆ. ಬಿಸಿಲು ಯಾವಾಗ ಬೀಳುತ್ತದೆ, ಮರದ ನೆರಳು ಎಲ್ಲಿಗೆ ಬರುತ್ತದೆ ನೋಡು. ಬೆಂಗಳೂರಿನ ಮೋಡದ ಬೆಳಗು ಗೋಡೆಗೆ ಒಳ್ಳೆಯದು. ಬಣ್ಣ ಬಿಳಚುವುದಿಲ್ಲ, ಮುಖದ ಮೇಲೆ ಕಪ್ಪು ನೆರಳು ಬೀಳುವುದಿಲ್ಲ. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ) f/8ಕ್ಕೆ ಇಡು, ಗೋಡೆಯೂ ಮನುಷ್ಯನೂ ಎರಡೂ ಸ್ಪಷ್ಟವಾಗಿ ಬರಲಿ. ನಡೆಯುವ ಕಾಲು ಮಸುಕಾಗಬಾರದೆಂದರೆ ಶಟರ್ ಸೆಕೆಂಡಿನ 500ನೇ ಒಂದು ಭಾಗದಷ್ಟಿರಲಿ. ಚಿತ್ರದ ಆಕೃತಿಗೂ ಮನುಷ್ಯನಿಗೂ ನಡುವೆ ಒಂದಿಷ್ಟು ಜಾಗ ಬಿಡು. ಎರಡೂ ಒಂದಕ್ಕೊಂದು ಅಂಟಿಕೊಂಡರೆ ಬರೀ ಕಣ್ಕಟ್ಟು ಉಳಿಯುತ್ತದೆ. ಆಮೇಲೆ ಕಾಯಿ. ಯಾರನ್ನೂ ವಾಪಸ್ ಕರೆಯಬೇಡ. ತಪ್ಪಿಹೋದದ್ದು ತಪ್ಪಿಹೋಯಿತು.

ನನಗೆ ತುಂಬ ಇಷ್ಟವಾದ ನನ್ನದೇ ಚಿತ್ರವೊಂದಿದೆ, ಹಿಂದೆ ಇಲ್ಲಿ ಹಾಕಿದ್ದೆ. ಗೋಡೆಯ ಮೇಲೆ ಯಕ್ಷಗಾನದ ವೇಷಧಾರಿ, ಎರಡೂ ಕೈ ಎತ್ತಿ ಕಿರೀಟ ಸರಿಪಡಿಸಿಕೊಳ್ಳುತ್ತಿದ್ದಾನೆ. ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ಚಳಿಗೆ ಮಫ್ಲರ್ ಬಿಚ್ಚಿ ತಲೆಗೆ ಸುತ್ತಿಕೊಳ್ಳತೊಡಗಿದರು, ಅವರ ಕೈಗಳೂ ಅದೇ ಎತ್ತರದಲ್ಲಿ. ಅವರಿಗೆ ಹಿಂದಿನ ಚಿತ್ರದ ಪರಿವೆಯೇ ಇರಲಿಲ್ಲ. ತೆಗೆದ ಮೇಲೆ ಹೋಗಿ ತೋರಿಸಿದೆ. ಕನ್ನಡಕ ಹಾಕಿಕೊಂಡು, ಕ್ಯಾಮೆರಾದ ಪರದೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ತಿರುಗಿ ಗೋಡೆ ನೋಡಿದರು. "ನಮ್ಮ ಮೇಳಕ್ಕೆ ಇನ್ನೊಬ್ಬ ಸಿಕ್ಕಿದ" ಎಂದರು. ಅವರ ಊರು ಕುಂದಾಪುರದ ಕಡೆ. ಬಸ್ಸು ಬರುವವರೆಗೆ ಆ ಗೋಡೆಯ ವೇಷದ ತಪ್ಪು ಒಪ್ಪುಗಳನ್ನು ನನಗೆ ವಿವರಿಸಿದರು.

ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ಚಿತ್ರದಲ್ಲಿ ಗೋಡೆಯನ್ನು ಅಂಗೈಯಿಂದ ಮುಚ್ಚಿ. ಉಳಿದ ಮನುಷ್ಯನಲ್ಲಿ ನಡಿಗೆ, ಕೆಲಸ, ಮುಖ ಏನಾದರೂ ಉಳಿದಿದೆಯೇ? ಉಳಿದಿದ್ದರೆ ಆ ಮನುಷ್ಯನನ್ನು ನೀವು ನೋಡಿದ್ದೀರಿ. ಬರೀ ಹುಲಿಯ ತುತ್ತು ಉಳಿದಿದ್ದರೆ ನೋಡಿಲ್ಲ. ಮೊನ್ನೆಯ ಚಿತ್ರ ಆ ಗುಂಪಿನವರ ಪುಟದಲ್ಲಿ ಬಂದಿದೆ. ಸಿಂಬೆ ಹಿಡಿದಿದ್ದ ಕೈಯನ್ನೇ ಕತ್ತರಿಸಿ ಹಾಕಿದ್ದಾರೆ. ಇಡೀ ಬೆಳಗಿನಲ್ಲಿ ನನಗೆ ಕಂಡ ಅತ್ಯಂತ ಸುಂದರವಾದ ಸಂಗತಿ ಆ ಕೈ.

"ಸಾರ್ವಜನಿಕ ಜಾಗ, ಯಾರನ್ನು ಬೇಕಾದರೂ ತೆಗೆಯಬಹುದು, ಮೊದಲೇ ಅನುಮತಿ ಕೇಳಿದರೆ ಸಹಜತೆ ಸತ್ತುಹೋಗುತ್ತದೆ" ಎಂದು ಕೆಲವರು ಈಗಾಗಲೇ ಬೆರಳು ಮಸೆಯುತ್ತಿರುತ್ತೀರಿ. ಸಹಜತೆಯ ವಾದವನ್ನು ಆ ಗುಂಪಿನವರು ನನಗೆ ಹೇಳಬಾರದು. ಹೆಂಗಸನ್ನು ಎರಡನೆಯ ಸಲ ನಡೆಸಿದ ಮೇಲೆ ಸಹಜತೆ ಎಲ್ಲಿ ಉಳಿಯಿತು? ನಾನೂ ಮೊದಲೇ ಅನುಮತಿ ಕೇಳುವುದಿಲ್ಲ. ತೆಗೆದ ಮೇಲೆ ತೋರಿಸುತ್ತೇನೆ, ಬೇಡವೆಂದರೆ ಅವರ ಎದುರಿಗೇ ಅಳಿಸುತ್ತೇನೆ. 2025ರ ಜುಲೈನಲ್ಲಿ ಚರ್ಚ್ ಸ್ಟ್ರೀಟಿನಂಥ ಕಡೆಗಳಲ್ಲಿ ಹೆಣ್ಣುಮಕ್ಕಳನ್ನು ಗುಟ್ಟಾಗಿ ವಿಡಿಯೊ ಮಾಡಿ ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದವನನ್ನು ಪೊಲೀಸರು ಬಂಧಿಸಿದರು. ಅಂಥ ಊರಿನಲ್ಲಿ ಕ್ಯಾಮೆರಾ ಹಿಡಿದವನು ತನ್ನ ಮುಖವನ್ನೂ ತಾನು ತೆಗೆದ ಚಿತ್ರವನ್ನೂ ತೋರಿಸಬೇಕಾದದ್ದು ನ್ಯಾಯ. ಅದರಿಂದ ಕಲೆಗೆ ಏನೂ ನಷ್ಟವಿಲ್ಲ.

ಇನ್ನೊಂದು ಮಾತು, ಇದು ನನಗೆ ಮನೆಯ ಸಂಕಟ. ನನ್ನ ಸೋದರಮಾವ ಗಾಂಧಿನಗರದ ಚಿತ್ರಮಂದಿರಗಳಿಗೆ ಬ್ಯಾನರ್ ಬರೆಯುತ್ತಿದ್ದವರು. ಪುಟ್ಟ ಸ್ಟಿಲ್ ಮೇಲೆ ಚೌಕ ಎಳೆದು, ಬಟ್ಟೆಯ ಮೇಲೆ ಅದೇ ಚೌಕಗಳನ್ನು ಆಳೆತ್ತರಕ್ಕೆ ಹಿಗ್ಗಿಸಿ ಮುಖ ಬರೆಯುತ್ತಿದ್ದರು. ಫ್ಲೆಕ್ಸ್ ಬಂತು, ಕೆಲಸ ಹೋಯಿತು. ಗೋಡೆಗಳನ್ನು ಅಂದಗೆಡಿಸಬಾರದೆಂದು ರಾಜ್ಯದಲ್ಲಿ 1981ರಿಂದಲೇ ಕಾನೂನಿದ್ದರೂ ಪೋಸ್ಟರ್ ಅಂಟಿಸುವವರು ಅಂಟಿಸುತ್ತಲೇ ಇದ್ದರು. 2009ರ ಸುಮಾರಿಗೆ ಆಗಿನ ಬಿಬಿಎಂಪಿ ಮುಖ್ಯರಸ್ತೆಗಳ ಗೋಡೆಗಳಿಗೆ ಚಿತ್ರ ಬರೆಸತೊಡಗಿತು: ಹಂಪಿಯ ಕಲ್ಲಿನ ರಥ, ಮೈಸೂರಿನ ಅರಮನೆ, ಯಕ್ಷಗಾನ, ಹುಲಿ, ಆನೆ. ಅವುಗಳನ್ನು ಬರೆದವರಲ್ಲಿ ಮಾವನಂತೆ ಬ್ಯಾನರಿನ ಕೆಲಸ ಕಳೆದುಕೊಂಡವರು ಬಹಳ ಮಂದಿ. ಕಲಾವಿಮರ್ಶಕರು ಆ ಚಿತ್ರಗಳನ್ನು ಹಗುರವಾಗಿ ಕಂಡರು. ನಮ್ಮ ಮನೆಯಲ್ಲಿ ಮಾತ್ರ ಅವುಗಳಿಂದ ಮತ್ತೆ ಒಲೆ ಉರಿಯಿತು.

ಆನೆ ಬರೆಯುವಾಗ ಮಾವ ಮೊದಲು ಅದರ ಕಣ್ಣಿನ ಜಾಗ ಗುರುತು ಹಾಕುತ್ತಿದ್ದರು. ರಸ್ತೆಯಲ್ಲಿ ಹೋಗುವ ಯಾರನ್ನಾದರೂ "ಸ್ವಲ್ಪ ನಿಲ್ಲಿ ಸ್ವಾಮಿ" ಎಂದು ನಿಲ್ಲಿಸಿ, ಅವರ ಕಣ್ಣಿನ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ. ನಡೆದು ಹೋಗುವವನಿಗೆ ಆನೆ ಮುಖ ಕೊಡಬೇಕು ಎನ್ನುತ್ತಿದ್ದರು. ಅಂದರೆ ಗೋಡೆ ಬರೆದವನು ದಾರಿಹೋಕನನ್ನು ಆಗಲೇ ಚಿತ್ರದೊಳಗೆ ಕರೆದು, ಸಮಾನನಾಗಿ ನಿಲ್ಲಿಸಿದ್ದಾನೆ. ನಾವು ಕ್ಯಾಮೆರಾ ತಂದು ಅದೇ ದಾರಿಹೋಕನನ್ನು ತುತ್ತು ಮಾಡುತ್ತೇವೆ. ನಮ್ಮ ಫೋಟೊದ ಕೆಳಗೆ ಗೋಡೆ ಬರೆದವರ ಹೆಸರನ್ನೂ ಹಾಕುವುದಿಲ್ಲ.

ಪೂರ್ಣಿಮಾ ಸುಕುಮಾರ್ 2016ರಲ್ಲಿ ಇದೇ ಊರಿನಲ್ಲಿ ಆರಂಭಿಸಿದ ಅರವಾಣಿ ಆರ್ಟ್ ಪ್ರಾಜೆಕ್ಟಿನ ಗೋಡೆಗಳ ಮುಂದೆಯೂ ಈ ಆಟ ನಡೆಯುವುದನ್ನು ಕಂಡಿದ್ದೇನೆ. ಅಲ್ಲಿ ನನಗೆ ಇನ್ನೂ ಹೆಚ್ಚು ನೋವಾಗುತ್ತದೆ. ಜನ ಮುಖ ತಿರುಗಿಸುವ ಬೀದಿಯಲ್ಲೇ ಟ್ರಾನ್ಸ್ ಮಹಿಳೆಯರು ಕೈಯಾರೆ ದೊಡ್ಡ ದೊಡ್ಡ ಮುಖಗಳನ್ನು ಬರೆದಿದ್ದಾರೆ. ಅವರ ಕೆಲಸ 2024ರಲ್ಲಿ ವೆನಿಸ್ ಬಿನಾಲೆ ಎಂಬ ಜಾಗತಿಕ ಕಲಾ ಪ್ರದರ್ಶನದವರೆಗೆ ಹೋಯಿತು. ಆ ಕಣ್ಣುಗಳ ಮುಂದೆ ನಿಂತು, ಹಾದು ಹೋಗುವವರಲ್ಲಿ ಯಾರು ನಗೆಪಾಟಲಾಗುತ್ತಾರೆ ಎಂದು ಕಾಯುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ?

ಚಿತ್ರದಿಂದ ಅಣಕ ಮಾಡಬಾರದೆಂದಲ್ಲ. ಕಲಾವಿದ ಬಾದಲ್ ನಂಜುಂಡಸ್ವಾಮಿ 2019ರಲ್ಲಿ ಹೇರೋಹಳ್ಳಿಯ ಹೊಂಡದ ರಸ್ತೆಯಲ್ಲಿ ಗಗನಯಾತ್ರಿಯ ವೇಷದವರನ್ನು ಚಂದ್ರನ ಮೇಲೆ ಎಂಬಂತೆ ನಡೆಸಿದರಲ್ಲ, ಆ ವಿಡಿಯೊದಲ್ಲಿ ಪಕ್ಕದಲ್ಲೇ ಆಟೊ ಹಾದು ಹೋದಾಗ ಚಂದ್ರನ ನೆಲ ನಮ್ಮ ರಸ್ತೆಯಾಗಿಬಿಡುತ್ತದೆ. ನಕ್ಕೆವು, ಜಗತ್ತೇ ನಕ್ಕಿತು. ಆದರೆ ನಗೆಪಾಟಲಾದದ್ದು ಆಟೊದವನಲ್ಲ, ರಸ್ತೆಯನ್ನು ಹಾಗೆ ಬಿಟ್ಟವರು.

ಫೋಟೊ ವಾಕ್ ನಡೆಸುವ ಗೆಳೆಯರಲ್ಲಿ ನನ್ನ ಬೇಡಿಕೆ ಸ್ಪಷ್ಟ. ಹೊರಡುವ ಮುಂಚೆ, ಯಾರನ್ನೂ ಮತ್ತೆ ನಡೆಸುವಂತಿಲ್ಲ ಎಂದು ಹೇಳಿ. ಪ್ರದರ್ಶನಕ್ಕೆ ಆರಿಸುವಾಗ, ಆ ಮನುಷ್ಯ ಈ ಚಿತ್ರ ನೋಡಿದ್ದಾನೆಯೇ ಎಂದು ಕೇಳಿ. ಗೋಡೆ ಬರೆದವರ ಹೆಸರು ಗೊತ್ತಾಗುವವರೆಗೆ ವಿಚಾರಿಸಿ, ಹೆಸರು ಹಾಕಿ. ಇಷ್ಟು ಮಾಡದ ನಡಿಗೆಗಳಿಗೆ ಇನ್ನು ನನ್ನನ್ನು ಕರೆಯಬೇಡಿ.

ಬರುವ ಭಾನುವಾರ ಮಾವನನ್ನು ಅವರು ಬರೆದ ಆನೆಯ ಹತ್ತಿರ ಕರೆದೊಯ್ಯುತ್ತಿದ್ದೇನೆ. ಮಳೆಗೆ ಸೊಂಡಿಲು ಮಾಸಿದೆ, ಹೊಟ್ಟೆಯ ಮೇಲೆ ಟ್ಯೂಷನ್ ಜಾಹೀರಾತು ಅಂಟಿಸಿದ್ದಾರೆ, ಕಣ್ಣು ಮಾತ್ರ ಹಾಗೆಯೇ ಇದೆ. ಬರುವವರು ಏಳಕ್ಕೆ ಮೊದಲೇ ಬನ್ನಿ. ಆಮೇಲೆ ಬಸ್ಸುಗಳು ಗೋಡೆಗೆ ಅಡ್ಡ ನಿಲ್ಲುತ್ತವೆ.