ಆ ಒಂದು ಕಾಪಿರೈಟ್ ಫೈಲು

ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗೆ ಒಂದು ಪ್ಯಾಕೇಜ್ (ಇನ್‌ಸ್ಟಾಲ್ ಮಾಡೋಕೆ ಸಿದ್ಧವಾದ ಪ್ರೋಗ್ರಾಮು) ಸೇರಿಸೋದು ಅಂದ್ರೆ ಕಂಪೈಲ್ ಮಾಡಿ ಕೊಟ್ಟರಾಯ್ತು ಅಂದುಕೊಂಡವರೇ ಜಾಸ್ತಿ. ಕಂಪೈಲ್ ಬಿಡಿ, ಅದು ಹೇಗೋ ಆಗುತ್ತದೆ. ಜೀವ ತಿನ್ನೋದು ಕಾಪಿರೈಟ್ ಅನ್ನೋ ಒಂದು ಫೈಲು. ಸೋರ್ಸ್‌ನಲ್ಲಿರುವ, ಅಂದ್ರೆ ಪ್ರೋಗ್ರಾಮಿನ ಮೂಲ ಕೋಡಿನಲ್ಲಿರುವ, ಒಂದೊಂದು ಫೈಲೂ ಯಾರದ್ದು, ಯಾವ ಲೈಸೆನ್ಸು, ಎಲ್ಲ ಅದರಲ್ಲಿ ಬರೆಯಬೇಕು.

ನಾನೀಗ ಸೇರಿಸೋಕೆ ಹೊರಟ ಪ್ರೋಗ್ರಾಮಿನ ಮೂಲ ಲೇಖಕರೋ, ಮಹಾನುಭಾವರು! ರೀಡ್‌ಮಿಯಲ್ಲಿ ‘ಎಂಐಟಿ ಲೈಸೆನ್ಸ್’ ಅಂತ ಒಂದು ಸಾಲು ಗೀಚಿ ಕೈತೊಳೆದುಕೊಂಡಿದ್ದಾರೆ. ಒಳಗೆ ಹೊಕ್ಕು ನೋಡಿದರೆ ಒಂದು ಫೈಲಿನ ತಲೆಯಲ್ಲಿ ಜಿಪಿಎಲ್ 2 ಅನ್ನೋ ಬೇರೆಯೇ ಲೈಸೆನ್ಸು, ಪಕ್ಕದ್ದರಲ್ಲಿ ಬರೀ ‘ಆಲ್ ರೈಟ್ಸ್ ರಿಸರ್ವ್ಡ್’. ಇನ್ನೊಂದು ಫೋಲ್ಡರಿನಲ್ಲಿ ಹಿಂಡಿ ಹಿಪ್ಪೆ ಮಾಡಿಟ್ಟ ಜಾವಾಸ್ಕ್ರಿಪ್ಟು. ಇಡೀ ಫೈಲು ಒಂದೇ ಸಾಲು! ಓದೋಕೆ ಬರುವ ಸೋರ್ಸ್ ಇಲ್ಲದ್ದನ್ನು ಡೆಬಿಯನ್ ಒಪ್ಪೋದಿಲ್ಲ. ಅದು ಸರಿಯೇ ಅಲ್ವಾ? ಹುಡುಕೋ ಕರ್ಮ ಮಾತ್ರ ನಮ್ಮದು.

ಬಿಲ್ಡ್ ಆಗುವಾಗ, ಅಂದ್ರೆ ಸೋರ್ಸ್‌ನಿಂದ ಪ್ಯಾಕೇಜ್ ತಯಾರಾಗುವಾಗ, ಇಂಟರ್ನೆಟ್ ಮುಟ್ಟಬಾರದು ಅಂತಲೂ ನಿಯಮವಿದೆ. ಈ ಪ್ರೋಗ್ರಾಮಿನ ಸ್ಕ್ರಿಪ್ಟು ನಡುವೆ ಸುಮ್ನೆ ಯಾವುದೋ ಲೈಬ್ರರಿ ಇಳಿಸಿಕೊಳ್ಳೋಕೆ ಓಡುತ್ತದೆ. ಇದನ್ನು ಬರೆದವರು ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ಮಡಿಕೇರಿ ಕಡೆ ಬಂದು ಕೂರಬೇಕು. ಲೈನ್ ಮೇಲೆ ಮರ ಬಿತ್ತು ಅಂದ್ರೆ ಕರೆಂಟ್ ಇಲ್ಲ, ಹಿಂದೆಯೇ ಸಿಗ್ನಲ್ಲೂ ಇಲ್ಲ. ಬೇಕಾದ ಪ್ಯಾಕೇಜುಗಳು ಅರ್ಧ ಇಳಿದು ನಿಂತಿರುತ್ತವೆ. ಯುಪಿಎಸ್ ಕುಂಯ್ ಅನ್ನುತ್ತಿರುತ್ತದೆ.

ಇಷ್ಟಾದ ಮೇಲೆ ಪ್ಯಾಕೇಜಿನ ತಪ್ಪು ಹುಡುಕೋ ಲಿಂಟಿಯನ್ ಅನ್ನೋ ಪ್ರೋಗ್ರಾಮು ಬೇರೆ. ಮ್ಯಾನ್ ಪೇಜ್ (ಬಳಕೆಯ ಕೈಪಿಡಿ) ಇಲ್ಲ, ವಿವರಣೆಯಲ್ಲಿ ಸ್ಪೆಲ್ಲಿಂಗ್ ತಪ್ಪು ಅಂತ ಕೊಂಕು. ಅದನ್ನಾದರೂ ಸಹಿಸಬಹುದು, ಕೆಲಸಕ್ಕೆ ಬರುವ ಮಾತು ಹೇಳುತ್ತದೆ.

ಆ ಜಾವಾಸ್ಕ್ರಿಪ್ಟ್ ಫೋಲ್ಡರಿಗೊಂದು ಲೈಸೆನ್ಸ್ ಹಾಕಿ ಅಂತ ಲೇಖಕರನ್ನು ಕೇಳಿದೆ. ‘ಅದು ನಾನು ಬರೆದದ್ದಲ್ಲ’ ಅಂತ ಉತ್ತರ ಬಂತು. ಮತ್ಯಾಕೆ ಮಾರಾಯ್ರೇ ಒಳಗೆ ಇಟ್ಕೊಂಡಿದ್ದೀರಿ?