ಅರ್ಧ ಉಜ್ಜಿದ ಡಿಕ್ಕಿ ಬಾಗಿಲು

ಹೋದ ವಾರ ಹಳೇ ಕಾರುಗಳ ಹುಚ್ಚಿರುವ ಗೆಳೆಯರೊಬ್ಬರು ಇಲ್ಲಿ ಫ್ರಾನ್ಸಿನ ನನ್ನ ಗ್ಯಾರೇಜಿಗೆ ಬಂದಿದ್ದರು. ಕಾರಿಗೆ ಎರಡು ಸುತ್ತು ಬಂದು, ಹಿಂದಿನ ಬಾಗಿಲ ಮುಂದೆ ನಿಂತು, "ಎಲ್ಲ ಮಾಡಿ ಇದೊಂದನ್ನ ಯಾಕೆ ಹೀಗೆ ಬಿಟ್ಟೆ? ಎರಡು ದಿನದ ಕೆಲಸ ಅಷ್ಟೇ ಅಲ್ವಾ?" ಅಂದರು. ನನ್ನ ಫ್ರೆಂಚಿನಲ್ಲಿ ಪೂರ್ತಿ ಹೇಳೋಕೆ ಆಗಲಿಲ್ಲ. ಕನ್ನಡದಲ್ಲಿ ಹೇಳುತ್ತೇನೆ. ಸ್ವಲ್ಪ ಉದ್ದ ಆದರೆ ಬೈಬೇಡಿ.

ಕಾರು ಫ್ರಾನ್ಸಿನ ಪೂಜೋ (Peugeot) ಕಂಪನಿಯ 1974ರ 504 ಬ್ರೆಕ್. ಸಾಮಾನು ತುಂಬೋಕೆ ಅಂತ ಹಿಂಬದಿ ಉದ್ದ ಮಾಡಿದ ಕಾರಿಗೆ ಫ್ರಾನ್ಸಿನಲ್ಲಿ ಬ್ರೆಕ್ ಅಂತಾರೆ. ಕೊಪ್ಪಕ್ಕೆ ಫೋನ್ ಮಾಡಿ "ಅಪ್ಪಾ, ಪೂಜೋ ಬ್ರೆಕ್ ತಗೊಂಡೆ" ಅಂದಾಗ ಅಪ್ಪ, "ಬರೀ ಬ್ರೇಕ್ ತಗೊಂಡು ಎಂತ ಮಾಡ್ತೀಯ ಮಾರಾಯ, ಗಾಡಿ ಎಲ್ಲಿ?" ಅಂತ ಕೇಳಿದ್ದರು. ಆವತ್ತಿನ ಮಟ್ಟಿಗೆ ಅವರು ಕೇಳಿದ್ದೇ ಸರಿ. ತುಲೂಸ್ ಹತ್ತಿರದ ಒಂದು ಹಳ್ಳಿಯ ಹುಲ್ಲಿನ ಕೊಟ್ಟಿಗೆಯಲ್ಲಿ ಹದಿನೈದು ವರ್ಷ ಬಿದ್ದಿದ್ದ ಅದನ್ನು ಗಾಡಿ ಅನ್ನೋಕೆ ಧೈರ್ಯ ಬೇಕಿತ್ತು. ಬ್ರೇಕಂತೂ ಇರಲೇ ಇಲ್ಲ.

504 ಬಂದದ್ದು 1968ರಲ್ಲಿ. ರೂಪ ಕೊಟ್ಟದ್ದು ಇಟಲಿಯ ಪಿನಿನ್‌ಫರೀನಾ ಅನ್ನೋ ವಿನ್ಯಾಸ ಸಂಸ್ಥೆ. ಮರುವರ್ಷ ಅದಕ್ಕೆ ಯುರೋಪಿನ ವರ್ಷದ ಕಾರು ಅನ್ನೋ ಪ್ರಶಸ್ತಿಯೂ ಬಂತು. ಆದರೆ ನನ್ನ ಪ್ರೀತಿ ಆ ಸೆಡಾನ್ ಮೇಲಲ್ಲ, 1971ರಲ್ಲಿ ಅದರ ಹಿಂದೆ ಬಂದ ಬ್ರೆಕ್ ಮೇಲೆ. ಎರಡಕ್ಕೂ ಮುಖ ಒಂದೇ, ಬೆನ್ನು ಬೇರೆ. ಸೆಡಾನ್‌ಗೆ ಹಿಂದಿನ ಚಕ್ರಗಳು ಒಂದರ ಹಂಗು ಇನ್ನೊಂದಕ್ಕಿಲ್ಲದೆ ಆಡುವ ನಾಜೂಕಿನ ಸಸ್ಪೆನ್ಷನ್. ಬ್ರೆಕ್‌ಗೆ ಅದೆಲ್ಲ ಬೇಡ ಅಂತ ಗಟ್ಟಿ ಆ್ಯಕ್ಸಲ್ ಹಾಕಿ, ಅದರ ಮೇಲೆ ಪಕ್ಕಕ್ಕೆರಡರಂತೆ ನಾಲ್ಕು ಕಾಯಿಲ್ ಸ್ಪ್ರಿಂಗ್ ಕೂರಿಸಿದರು. ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ಹದಿನಾರು ಸೆಂಟಿಮೀಟರ್ ಹೆಚ್ಚಾಯಿತು. ಖಾಲಿ ಇದ್ದಾಗ ಹಿಂಬದಿ ಸ್ವಲ್ಪ ಎತ್ತಿಕೊಂಡೇ ನಿಂತಿರುತ್ತೆ. ಹೊರೆ ಬಿದ್ದ ಮೇಲೇ ಅದು ನೆಟ್ಟಗಾಗೋದು.

ಮೂರು ಸಾಲು ಸೀಟಿನದ್ದೂ ಇತ್ತು, ಅದರ ಹೆಸರು ಫಾಮಿಲಿಯಾಲ್. ಸೆನೆಗಲ್‌ನಲ್ಲಿ ಊರಿಂದೂರಿಗೆ ಓಡುವ ಬಾಡಿಗೆ ಕಾರಿಗೆ 'ಸೆತ್ ಪ್ಲಾಸ್', ಅಂದರೆ ಏಳು ಸೀಟು, ಅಂತಲೇ ಕರೆಯೋದು. ಅದರಲ್ಲಿ ಎಷ್ಟೋ ವರ್ಷ ದುಡಿದದ್ದು ಇದೇ 504. ನೈಜೀರಿಯಾದ ಕಡುನಾದಲ್ಲಿ ಇವನ್ನು ಜೋಡಿಸುವ ಕಾರ್ಖಾನೆಯೇ ಇತ್ತು. ಫ್ರಾನ್ಸಿನಲ್ಲಿ ಹಳತಾದವನ್ನು ಸಹಾರಾ ಮರುಭೂಮಿ ದಾಟಿಸಿ ಆ ಕಡೆ ಮಾರಿ ಬರುವವರೂ ಇದ್ದರು. ನಮ್ಮ ಕಡೆ ಹಳೇ ಲಾರಿ ಘಟ್ಟ ಹತ್ತಿದ ಹಾಗೆ ಇವು ಮರಳು ಹತ್ತಿದವು.

ನನ್ನದರ ಇಂಜಿನ್ ಡೀಸೆಲ್, ಪೂಜೋದ ಎಕ್ಸ್‌ಡಿ ಸರಣಿಯದ್ದು. ಮಲೆನಾಡಿನವರು ಇಲ್ಲಿ ಕಿವಿ ನೆಟ್ಟಗೆ ಮಾಡಬೇಕು. ನಮ್ಮ ಮನೆಯಲ್ಲಿದ್ದ ಮಹೀಂದ್ರಾ ಎಂಎಂ 540 ಡಿಪಿ ಜೀಪು ನೆನಪಿದೆಯಾ? ಆ 'ಡಿಪಿ' ಅಂದರೆ ಡೀಸೆಲ್ ಪೂಜೋ. ಮಹೀಂದ್ರಾದವರು ಪೂಜೋ ಪರವಾನಗಿಯಲ್ಲಿ ಮಾಡಿದ 2112 ಸಿಸಿ ಇಂಜಿನ್ ಅದು, ಇದೇ ವಂಶದ್ದು. ಅಡಿಕೆ, ಗೊಬ್ಬರ, ಮದುವೆ ಹೆಣ್ಣು, ಆಸ್ಪತ್ರೆಗೆ ಹೊರಟವರು, ಎಲ್ಲರನ್ನೂ ಹೊತ್ತ ಇಂಜಿನ್. ಅಪ್ಪ ಅದನ್ನು ಇವತ್ತಿಗೂ 'ಪಿಜೋಟ್' ಅಂತಾರೆ.

ಮೊದಲ ಸಲ ಸ್ಟಾರ್ಟ್ ಮಾಡೋ ದಿನ ಅಪ್ಪನನ್ನು ವಿಡಿಯೋ ಕಾಲ್‌ನಲ್ಲಿ ಕೂರಿಸಿಕೊಂಡಿದ್ದೆ. ಟ್ಯಾಂಕ್ ತೊಳೆದಾಗಿತ್ತು. ನಾಝಲ್ ಬಿಚ್ಚಿ ಚೆಕ್ ಮಾಡಿಸಿಯಾಗಿತ್ತು. ಪೈಪಿನಲ್ಲಿದ್ದ ಗಾಳಿ ತೆಗೆದಾಗಿತ್ತು. ಆದರೂ ಇಂಜಿನ್ ಹಿಡಿಯಲಿಲ್ಲ. "ಹೀಟ್ರು ಎಷ್ಟೊತ್ತು ಕೊಟ್ಟೆ?" ಅಂದರು ಅಪ್ಪ. ಸ್ಟಾರ್ಟ್ ಮಾಡೋ ಮೊದಲು ಡೀಸೆಲ್ ಇಂಜಿನ್ನಿನ ಒಳಗನ್ನು ಬಿಸಿ ಮಾಡೋ ಪ್ಲಗ್ ಅದು. ಹತ್ತು ಸೆಕೆಂಡ್ ಅಂದೆ. "ಸಾಲದು. ಮೂವತ್ತು ಎಣಿಸು. ಬಾಯಲ್ಲಿ ಎಣಿಸು, ಗಡಿಬಿಡಿ ಬೇಡ." ಎಣಿಸಿದೆ. ಗ್ಯಾರೇಜ್ ತುಂಬ ಬಿಳಿ ಹೊಗೆ, ಆಮೇಲೆ ಆ ಟಕಟಕ. ಫೋನಿನ ಆ ಕಡೆ ಅಪ್ಪ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಟ್ಯಾಪೆಟ್ ಸದ್ದು ಜಾಸ್ತಿ ಇದೆ, ನೋಡಿಸು" ಅಂದರು.

ಇಂಜಿನ್ ಕೆಲಸ ನಿಜಕ್ಕೂ ಸುಲಭದ್ದು. ಜೀವ ತಿಂದದ್ದು ತುಕ್ಕು. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗವನ್ನು ಸ್ಕ್ರೂಡ್ರೈವರ್‌ನಿಂದ ಸುಮ್ನೆ ಕುಟ್ಟಿದೆ, ಹಿಡಿವರೆಗೂ ಒಳಗೆ ಹೋಯಿತು. ಹಿಂದೆ ಯಾರೋ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು. ಅದನ್ನೆಲ್ಲ ಕತ್ತರಿಸಿ, ಒಂದು ಮಿಲಿಮೀಟರ್ ತಗಡು ಮಡಚಿ, ವೆಲ್ಡ್ ಮಾಡಿದ್ದು ಎರಡು ಚಳಿಗಾಲ. ಯೂಟ್ಯೂಬ್ ನೋಡಿದರೆ ಗೆರೆ ಎಳೆದಷ್ಟು ಸಲೀಸು ಅನ್ಸುತ್ತೆ. ಗೆರೆ ಎಳೆದರೆ ತಗಡು ಹಪ್ಪಳದ ಹಾಗೆ ಏಳುತ್ತೆ. ಒಂದು ಚುಕ್ಕಿ ಇಲ್ಲಿ, ಇನ್ನೊಂದು ಒಂದು ಗೇಣು ಆಚೆ, ಆರುವ ತನಕ ಕಾಯಬೇಕು, ಮತ್ತೆ ನಡುವೆ ಒಂದು. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಮೊದಲ ತುಂಡನ್ನು ಮೂರು ಸಲ ಕಿತ್ತು ಹಾಕಿದ್ದೇನೆ.

ಇಷ್ಟೆಲ್ಲ ಆದ ಮೇಲೆ ಹಿಂದಿನ ಬಾಗಿಲು. ಮೇಲೊಂದು ಬಿಳಿ ಬಣ್ಣ, ಬ್ರಷ್ಷಿನಲ್ಲಿ ಬಳಿದದ್ದು, ಗೀರು ಗೀರು. ಉಪ್ಪು ಕಾಗದ ತಗೊಂಡು ಎಡಗಡೆಯಿಂದ ಉಜ್ಜೋಕೆ ಶುರು ಮಾಡಿದೆ. ಹಾಡು ಹಾಕಿಕೊಂಡಿದ್ದೆ, ಕೈ ಓಡುತ್ತಿತ್ತು. ಅರ್ಧ ಮುಗಿಯುವಾಗ ಸಂಜೆ ಬಿಸಿಲು ಗ್ಯಾರೇಜಿನ ಬಾಗಿಲಿಂದ ಓರೆಯಾಗಿ ಬಿತ್ತು. ಇನ್ನೂ ಉಜ್ಜದ ಬಲಗಡೆ, ಬಿಳಿ ಬಣ್ಣದ ಅಡಿಯಲ್ಲಿ ಅಕ್ಷರಗಳು ಉಬ್ಬಿ ಕಂಡವು. ನಯವಾದ ಉಪ್ಪು ಕಾಗದ ಒದ್ದೆ ಮಾಡಿಕೊಂಡು ಮೆಲ್ಲಗೆ ತಿಕ್ಕಿದೆ. ನೀಲಿ ಬಣ್ಣ, ಕೈಯಲ್ಲೇ ಬರೆದದ್ದು, ಅಂಚು ಚೂರೂ ಅಲುಗಿಲ್ಲ. ಬರೆದವರು ಕಸುಬು ಬಲ್ಲವರು. ಉಳಿದಿದ್ದು ಕೊನೆಯ ಐದಕ್ಷರ, GERIE. ಓದಿದರೆ 'ಜರಿ'. ಮುಂದಿನದೆಲ್ಲ ನೀಲಿ ಪುಡಿಯಾಗಿ ನನ್ನ ಚಪ್ಪಲಿ ಮೇಲಿತ್ತು.

ಜರಿಯಲ್ಲಿ ಮುಗಿಯುವ ಅಂಗಡಿ ಹೆಸರು ಅಂದರೆ ನನಗೆ ತಟ್ಟನೆ ಹೊಳೆದದ್ದು ಎರಡು. ಬುಲಾಂಜರಿ ಅಂದರೆ ಬ್ರೆಡ್ ಅಂಗಡಿ, ಫ್ರೊಮಾಜರಿ ಅಂದರೆ ಚೀಸ್ ಅಂಗಡಿ. ನೆನಪಾಯಿತು, ಹಿಂದಿನ ನೆಲದ ತಗಡು ಎತ್ತಿದಾಗ ಸಂದಿಯಲ್ಲಿ ಬೂದು ಬಣ್ಣದ ಗಟ್ಟಿ ಪದರ ಸಿಕ್ಕಿತ್ತು. ನಾನದನ್ನು ಹಳೇ ಅಂಟು ಅಂದುಕೊಂಡು ಕೆರೆದು ಬಿಸಾಕಿದ್ದೆ. ಅದು ಹಿಟ್ಟು. ವರ್ಷಗಟ್ಟಲೆ ಉದುರಿ, ತೇವ ಹೀರಿ, ಕಲ್ಲಾದ ಮೈದಾಹಿಟ್ಟು. ಅಲ್ಲಿಗೆ ಹಳ್ಳಿ ಹಳ್ಳಿಗೆ ಬ್ರೆಡ್ ಹಂಚಿದ ಗಾಡಿ ಅಂತಾಯಿತು. ಆ ತೇವ ಹೀರಿದ ಹಿಟ್ಟಿನಿಂದಲೇ ನೆಲ ಅಷ್ಟೊಂದು ತುಕ್ಕು ಹಿಡಿದಿದ್ದಿರಬೇಕು.

ಆವತ್ತು ಉಪ್ಪು ಕಾಗದ ಕೆಳಗಿಟ್ಟು ಒಳಗೆ ಹೋದವನು ಒಂದು ತಿಂಗಳು ಗ್ಯಾರೇಜಿಗೆ ಕಾಲಿಡಲಿಲ್ಲ.

ಇಲ್ಲಿ 30 ವರ್ಷ ದಾಟಿದ, ಈಗ ತಯಾರಾಗದ, ಮೂಲ ರೂಪ ಕೆಡದ ಗಾಡಿಗೆ 'ಕಲೆಕ್ಷನ್' ಅನ್ನೋ ಬೇರೆ ನೋಂದಣಿ ಕಾರ್ಡು ಸಿಗುತ್ತೆ. ಆಗ ತಪಾಸಣೆ ಎರಡು ವರ್ಷಕ್ಕಲ್ಲ, ಐದು ವರ್ಷಕ್ಕೊಮ್ಮೆ. ಒಳ್ಳೇ ಕಾನೂನೇ. ನನ್ನ ಜಗಳ ಇರೋದು ಆ 'ಮೂಲ ರೂಪ' ಅನ್ನೋ ಮಾತನ್ನು ನಾವು ಹವ್ಯಾಸಿಗಳು ಹಿಡಿದುಕೊಂಡಿರೋ ರೀತಿಯಲ್ಲಿ. ಮೂಲ ಅಂದರೆ ಯಾವ ದಿನ? ಪೂಜೋದ ಸೊಶೋ ಕಾರ್ಖಾನೆಯ ಗೇಟು ದಾಟಿದ ದಿನವಾ? ಆ ದಿನ ಇದು ಏನನ್ನೂ ಹೊತ್ತಿರಲಿಲ್ಲ. ಮೇಳಗಳಲ್ಲಿ ನೋಡುತ್ತೇನೆ, ಕಾರ್ಖಾನೆ ಕೊಟ್ಟದ್ದಕ್ಕಿಂತ ಎರಡು ಪಟ್ಟು ಹೊಳಪು, ಹಿಂದಿನ ತಗಡಿನ ಮೇಲೆ ಒಂದು ಗೀರಿಲ್ಲ. ಒಂದು ಚೀಲ ಆಲೂಗಡ್ಡೆ ಹಾಕೋಕೂ ಒಡೆಯ ಹೆದರುತ್ತಾನೆ. ಹೊರೆ ಹೊರೋಕೆ ಅಂತಲೇ ಹುಟ್ಟಿದ ಗಾಡಿಗೆ ಇದು ಶಿಕ್ಷೆ ಅಂತ ನನಗನ್ಸುತ್ತೆ.

ಹಾಗಂತ ತುಕ್ಕಿನ ಮೇಲೆ ವಾರ್ನಿಷ್ ಹೊಡೆದು ಮೆರೆಸೋ ಹೊಸ ಫ್ಯಾಷನ್ ಇದೆಯಲ್ಲ, ಅದೂ ನನಗೆ ಆಗಲ್ಲ. ತುಕ್ಕು ತುಕ್ಕೇ. ಕೂತವರ ಪ್ರಾಣ ಕಾಯೋ ತಗಡನ್ನು ದಯೆ ದಾಕ್ಷಿಣ್ಯ ಇಲ್ಲದೆ ಕತ್ತರಿಸಿದ್ದೇನೆ. ಆದರೆ ಬ್ರೆಡ್ ಬುಟ್ಟಿ ಎಳೆದೆಳೆದು ಸವೆದ ಅಂಚು ಯಾರ ಪ್ರಾಣವನ್ನೂ ತೆಗೆಯಲ್ಲ. ಅದನ್ನು ಹಾಗೇ ಬಿಟ್ಟಿದ್ದೇನೆ. ಅಕ್ಷರಗಳನ್ನೂ. ಕಳೆದ ಅರ್ಧವನ್ನು ಯಾರಿಂದಲಾದರೂ ಮತ್ತೆ ಬರೆಸು ಅಂದರು ಕೆಲವರು. ಬೇಡ. ಉಜ್ಜಿದವನು ನಾನು, ಅದು ಹಾಗೇ ಕಾಣಲಿ.

ಮಗಳು ಆ ಐದಕ್ಷರ ಜೋರಾಗಿ ಓದಿದಾಗ, ನಮ್ಮೂರಲ್ಲಿ ಜರಿ ಅಂದರೆ ನೂರು ಕಾಲಿನ ಹುಳ, ಮಳೆಗಾಲದಲ್ಲಿ ಬಚ್ಚಲಿಗೆ ಬರುತ್ತೆ ಅಂದೆ. ಬಿದ್ದು ಬಿದ್ದು ನಕ್ಕಳು. ಕಾರಿಗೆ ಅದೇ ಹೆಸರಾಯಿತು. ನನ್ನಾಕೆಗೆ ಹುಳದ ಹೆಸರು ಇಷ್ಟ ಆಗಲಿಲ್ಲ. "ಝರಿ ಅನ್ನಿ, ಕೇಳೋಕೆ ಚೆನ್ನಾಗಿದೆ" ಅಂದಳು.

ಮೊನ್ನೆ ತಪಾಸಣೆಗೆ ಹೋಗಿದ್ದೆವು. ಮಗಳೂ ಬಂದಿದ್ದಳು. ತಪಾಸಣೆಯವರು ಟಾರ್ಚ್ ಹಿಡಿದು ನನ್ನ ವೆಲ್ಡಿಂಗನ್ನೆಲ್ಲ ನೋಡಿ, ಕೊನೆಗೆ ಹಿಂದೆ ಬಂದು, "ಪೇಂಟ್ ಇನ್ನೂ ಮುಗಿದಿಲ್ವಾ?" ಅಂದರು. ನಾನು ಬಾಯಿ ತೆರೆಯೋ ಮೊದಲೇ ಮಗಳು, "ಮುಗಿದಿದೆ. ಅದು ಅವಳ ಹೆಸರು" ಅಂದಳು. ಪಾಸಾಯಿತು. ವರದಿಯಲ್ಲಿ ಸಣ್ಣ ದೋಷ ಅಂತ ಒಂದೇ ಸಾಲು: ಇಂಜಿನ್ ಕೆಳಗೆ ಎಣ್ಣೆ ಜಿನುಗುತ್ತಿದೆ.

ನನ್ನಾಕೆ ಅದನ್ನೋದಿ, "ನಾನಾಗಲೇ ಹೇಳಲಿಲ್ವಾ, ಝರಿ ಅಂತ" ಅಂದಳು.