ಆ ಯಜಮಾನರು ಕೇಳಿದ್ದರಲ್ಲಿ ನಗೋದೇನಿತ್ತು?

ನಿನ್ನೆ ಮೈಸೂರಿನಲ್ಲಿ ಹವಾಮಾನ ಬದಲಾವಣೆ ಬಗ್ಗೆ ರೈತರಿಗೆ ಒಂದು ಕಾರ್ಯಕ್ರಮ ಇತ್ತು. ಹೋಗಿದ್ದೆ. ರಾತ್ರಿ ಮಂಡ್ಯಕ್ಕೆ ಬಂದು ಮಲಗಿದರೂ ನಿದ್ದೆ ಹತ್ತಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಭಾಷಣ ಚೆನ್ನಾಗಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀರು ನಿಂತ ಭತ್ತದ ಗದ್ದೆಯಿಂದ ಮೀಥೇನ್ ಅನ್ನೋ ಅನಿಲ ಏಳುತ್ತದೆ, ಅದು ಭೂಮಿಯ ಬಿಸಿ ಹೆಚ್ಚಿಸುತ್ತದೆ, ನೀರನ್ನು ಬಿಟ್ಟು ಬಿಟ್ಟು ಕಟ್ಟಿದರೆ ಕಡಿಮೆಯಾಗುತ್ತದೆ. ಎಲ್ಲ ಸರಿಯಾದ ಮಾತೇ. ಆಮೇಲೆ ಕಾರ್ಬನ್ ಕ್ರೆಡಿಟ್ ವಿಷಯ ಬಂತು. ನೀವು ಮೀಥೇನ್ ಕಡಿಮೆ ಮಾಡಿ, ಅದರ ಲೆಕ್ಕಕ್ಕೆ ಕಂಪನಿಗಳು ದುಡ್ಡು ಕೊಡುತ್ತವೆ ಅಂದರು.

ಆಗ ಹಿಂದಿನ ಸಾಲಿನಿಂದ ಒಬ್ಬ ಯಜಮಾನರು ಎದ್ದರು. ನಮ್ಮ ಮಂಡ್ಯದ ಕಡೆಯವರೇ, ಹೆಗಲ ಮೇಲೆ ಟವಲ್. ಬಾಗಿಲಲ್ಲಿ ಎಲ್ಲರಿಗೂ ಕೊಟ್ಟಿದ್ದ ಬಟ್ಟೆ ಬ್ಯಾಗನ್ನು ಅಷ್ಟೊತ್ತಿಂದ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. ಅದರ ಮೇಲೆ ಒಂದು ಹಸಿರು ಎಲೆಯ ಚಿತ್ರ ಬಿಟ್ಟರೆ ಯಾರ ಹೆಸರೂ ಇರಲಿಲ್ಲ.

"ನೀವ್ ಹೇಳ್ತಿರೋದೆಲ್ಲ ಸರಿ ಸಾ. ಈ ಬ್ಯಾಗು, ಊಟ, ಇದ್ನೆಲ್ಲ ಯಾರ್ ದುಡ್ಡಲ್ಲಿ ಮಾಡ್ಸವ್ರೆ?"

ಮುಂದಿನ ಸಾಲಿನವರು ನಕ್ಕರು. ಮೈಕ್ ಹಿಡಿದವರು, "ಅದೆಲ್ಲ ಬೇಡ ಯಜಮಾನ್ರೇ, ವಿಷಯಕ್ಕೆ ಬನ್ನಿ" ಅಂದರು. ಅವರು ಬ್ಯಾಗ್ ಮಡಚಿಟ್ಟು ಕೂತುಬಿಟ್ಟರು.

ವಿಷಯಕ್ಕೆ ಬನ್ನಿ ಅಂದರೆ ಏನು? ಅವರು ಕೇಳಿದ್ದೇ ವಿಷಯ! ಅಷ್ಟು ಹೊತ್ತಿನಲ್ಲಿ ಯಾರಾದರೂ ವಿಷಯಕ್ಕೆ ಬಂದಿದ್ದರೆ ಅದು ಅವರೊಬ್ಬರೇ.

ಈ ವಿಚಾರದಲ್ಲಿ ದುಡ್ಡು ಮಾಡಿರುವ ಅನ್ಯಾಯ ಸಣ್ಣದಲ್ಲ. ಅಮೆರಿಕದ ಎಕ್ಸಾನ್ ತೈಲ ಕಂಪನಿಗೆ ಅದರದೇ ವಿಜ್ಞಾನಿಗಳು 1977ರಲ್ಲೇ ಎಚ್ಚರಿಕೆ ಹೇಳಿದ್ದರು. ಪೆಟ್ರೋಲು, ಕಲ್ಲಿದ್ದಲು ಸುಟ್ಟರೆ ಭೂಮಿ ಬಿಸಿಯಾಗುತ್ತದೆ ಅಂತ. 1982ರಲ್ಲಿ ಕಂಪನಿಯ ಒಳಗೇ ತಯಾರಾದ ಒಂದು ಲೆಕ್ಕದಲ್ಲಿ 2019ರ ಹೊತ್ತಿಗೆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 415 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 415 ಭಾಗ, ಆಸುಪಾಸು ಇರುತ್ತದೆ ಅಂತ ಇತ್ತು. ಹೆಚ್ಚುಕಮ್ಮಿ ಅಷ್ಟೇ ಆಯಿತು. ಒಳಗೆ ಇಷ್ಟು ಚೆನ್ನಾಗಿ ಗೊತ್ತಿತ್ತು. ಹೊರಗೆ ಮಾತ್ರ ವರ್ಷಗಟ್ಟಲೆ "ಇನ್ನೂ ಏನೂ ಖಚಿತವಿಲ್ಲ" ಅಂತ ಪತ್ರಿಕೆಗಳಲ್ಲಿ ದುಡ್ಡು ಕೊಟ್ಟು ಬರೆಸಿದರು. ಅದನ್ನೇ ಹೇಳುವ ಸಂಸ್ಥೆಗಳನ್ನೂ ಸಾಕಿದರು. ಆ ಹಳೇ ಕಾಗದಗಳು ಜನರ ಮುಂದೆ ಬಂದಿದ್ದು 2015ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರೇ ಕಳೆದುಹೋಗಿತ್ತು.

ಇದನ್ನೆಲ್ಲ ಓದಿದ ಮೇಲೂ ಒಬ್ಬ ರೈತ "ಯಾರ ದುಡ್ಡು" ಅಂತ ಕೇಳಿದರೆ ನಗಬೇಕಾ?

ಬಸ್ಸಲ್ಲಿ ಪಕ್ಕದಲ್ಲಿ ಕೂತ ಹುಡುಗ, ಅವನೂ ಅಲ್ಲಿಗೆ ಬಂದಿದ್ದವನೇ, "ಎಲ್ಲಾ ದುಡ್ಡಿನಾಟ ಮೇಡಂ, ಬಿಸಿ ಏರ್ತಿದೆ ಅನ್ನೋದೂ ಸುಳ್ಳು" ಅಂದ. ನನಗೆ ಹೊಟ್ಟೆ ಉರಿದದ್ದು ಇಲ್ಲೇ. ಬಿಸಿ ಏರ್ತಿರೋದು ಸುಳ್ಳಲ್ಲ ಕಣಪ್ಪ ಅಂದೆ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತಿದ್ದಾರೆ. ಆಗ 315 ಪಿಪಿಎಂ ಇತ್ತು, ಈಗ 420 ದಾಟಿದೆ. 2023ರ ಆಗಸ್ಟ್ ನೆನಪಿದೆಯಾ ಅಂತ ಕೇಳಿದೆ. ದೇಶದಲ್ಲಿ 1901ರಿಂದ ಈಚೆಗೆ ಅಷ್ಟು ಕಮ್ಮಿ ಮಳೆಯ ಆಗಸ್ಟ್ ಬಂದಿರಲಿಲ್ಲ. ಕನ್ನಂಬಾಡಿ ತುಂಬಲಿಲ್ಲ, ನಾಲೆಗೆ ನೀರಿಲ್ಲ, ಮಂಡ್ಯ ಬಂದ್ ಆಯಿತು. ಒಂದು ಬರವನ್ನು ತೋರಿಸಿ ಹವಾಮಾನವೇ ಬದಲಾಯಿತು ಅನ್ನೋಕಾಗಲ್ಲ, ಅದನ್ನೂ ಅವನಿಗೆ ಹೇಳಿದೆ. ಆದರೆ ಇಂಥ ವರ್ಷಗಳು ಜಾಸ್ತಿಯಾದರೆ ಮೊದಲು ಪೆಟ್ಟು ಬೀಳೋದು ಯಾರಿಗೆ? ಅವನ ಗದ್ದೆಗೇ ಅಲ್ವಾ? ಹುಡುಗ ತಲೆಯಾಡಿಸಿದ. ನಂಬಿದನೋ ಇಲ್ಲವೋ ಗೊತ್ತಿಲ್ಲ. ವೇದಿಕೆ ಮೇಲಿದ್ದವರು ಆ ಒಂದು ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟಿದ್ದರೆ ಅವನು ಆ ಮಾತು ಆಡುತ್ತಲೇ ಇರಲಿಲ್ಲ.

ಜೊತೆಗೆ ಬಂದಿದ್ದ ಗೆಳತಿ, ನನ್ನ ಹಾಗೇ ವಿಜ್ಞಾನ ಟೀಚರ್ ಆಗಿದ್ದವಳು, "ದುಡ್ಡು ಯಾರದ್ದಾದರೇನೇ? ಹೇಳಿದ್ದು ಸರಿ ಇತ್ತಲ್ಲ" ಅಂದಳು. ಒಂದು ಉದಾಹರಣೆಯನ್ನೂ ಕೊಟ್ಟಳು. ಅಮೆರಿಕದ ರಿಚರ್ಡ್ ಮುಲ್ಲರ್ ಅನ್ನೋ ಭೌತವಿಜ್ಞಾನಿ, ಹಿಂದೆ ಬಿಸಿ ಏರುತ್ತಿದೆ ಅನ್ನೋ ಲೆಕ್ಕಗಳನ್ನೇ ಅನುಮಾನಿಸಿದ್ದವರು. ತೈಲ ಉದ್ಯಮಿ ಚಾರ್ಲ್ಸ್ ಕೋಚ್ ಅವರ ಪ್ರತಿಷ್ಠಾನದ ದುಡ್ಡೂ ಭೂಮಿಯ ಉಷ್ಣತೆ ಬಗ್ಗೆ ಅವರು ಮಾಡಿದ ಬರ್ಕ್ಲಿ ಅರ್ಥ್ ಅನ್ನೋ ಅಧ್ಯಯನದಲ್ಲಿತ್ತು. ಆದರೂ 2012ರಲ್ಲಿ, ಬಿಸಿ ಏರುತ್ತಿರೋದು ನಿಜ, ಮನುಷ್ಯರೇ ಕಾರಣ ಅಂತ ಬಹಿರಂಗವಾಗಿ ಹೇಳಿದರು.

ನಿಜ, ಹೇಳಿದರು. ಆದರೆ ಅವರು ಯಾರು ಎಷ್ಟು ಕೊಟ್ಟರು ಅನ್ನೋದನ್ನು ಮುಚ್ಚಿಡಲಿಲ್ಲ. ಅಂಕಿ ಅಂಶವನ್ನೂ ಯಾರು ಬೇಕಾದರೂ ನೋಡಿ ಅಂತ ಬಿಟ್ಟರು. ಇಲ್ಲಿ ಬ್ಯಾಗಿನ ಮೇಲೊಂದು ಹೆಸರು ಹಾಕೋಕೆ ಏನು ಕಷ್ಟ? ಕಂಪನಿಯ ದುಡ್ಡು ತಗೋಬಾರದು ಅಂತ ನಾನು ಹೇಳುತ್ತಿಲ್ಲ. ತಗೊಂಡರೆ ಮೊದಲು ಹೇಳಿ. ಹೇಳದೇ ಇದ್ದು, ಆಮೇಲೆ ಜನಕ್ಕೆ ವಿಜ್ಞಾನದ ಮೇಲೆ ನಂಬಿಕೆ ಇಲ್ಲ ಅಂತ ಜನರನ್ನೇ ಬೈಯಬೇಡಿ.

ನನಗೆ ಇಷ್ಟು ಸಿಟ್ಟು ಯಾಕೆ ಅಂದರೆ, ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ನಾನೂ ಒಮ್ಮೆ ಆ ಮೈಕ್ ಹಿಡಿದವರ ಜಾಗದಲ್ಲಿದ್ದೆ. ನಮ್ಮ ಶಾಲೆಯ ಪರಿಸರ ದಿನಕ್ಕೆ ಒಂದು ಕಾರ್ಖಾನೆಯವರು ಸಸಿ, ನೋಟ್‌ಬುಕ್ಕು ಎಲ್ಲ ಕೊಟ್ಟಿದ್ದರು. "ನೀರಿನ ವಿಷಯ ಮಾತ್ರ ಎತ್ತಬೇಡಿ ಮೇಡಂ" ಅಂತ ಬಹಳ ಮರ್ಯಾದೆಯಿಂದ ಹೇಳಿದ್ದರು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು, "ಮಿಸ್, ನಮ್ಮೂರ ಹಳ್ಳದ ನೀರು ಯಾಕೆ ವಾಸನೆ ಬರುತ್ತೆ?" ಅಂದಳು. "ಆಮೇಲೆ ಹೇಳ್ತೀನಿ ಕೂತ್ಕೊ" ಅಂದೆ. ಹೇಳಲೇ ಇಲ್ಲ. ನಿನ್ನೆ ಆ ಯಜಮಾನರು ಕೂತ ರೀತಿಯಲ್ಲೇ ಅವಳೂ ಕೂತಿದ್ದಳು.

ಊಟದ ಹೊತ್ತಲ್ಲಿ ಹೋಗಿ ಯಜಮಾನರ ಪಕ್ಕ ಕೂತೆ. ಅವರಿಗೆ ವಿಷಯ ಬೇಡವಾಗಿತ್ತು ಅಂದುಕೊಂಡವರು ಕೇಳಿ. ಎಲೆ ಮುಂದೆ ಅವರು ಕೇಳಿದ್ದೇ, "ನೀರ್ ಬಿಟ್ಟು ಬಿಟ್ಟು ಕಟ್ಟುದ್ರೆ ಇಳುವರಿ ಬೀಳಲ್ವಾ ಮೇಡಂ?" ಅಂತ. ತೂತು ಕೊರೆದ ಪೈಪನ್ನು ಗದ್ದೆಯಲ್ಲಿ ಹೂಳಿ, ಅದರೊಳಗೆ ನೀರಿನ ಮಟ್ಟ ನೋಡುತ್ತಿದ್ದು, ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ ಕಟ್ಟಿದರೆ ಸಾಕು, ಹೂ ಬಿಡೋ ಹೊತ್ತಲ್ಲಿ ಮಾತ್ರ ಗದ್ದೆ ಒಣಗಬಾರದು ಅಂದೆ. ನಾಟಿ ಹಾಕಿ ಮೂರು ವಾರ ಆಯ್ತು, ಈಗ ಮಾಡಬಹುದಾ ಅಂದರು. ಮಾಡಬಹುದು ಅಂದೆ.

ದುಡ್ಡು ಯಾರದ್ದು ಅಂತ ಕೇಳಿ ಇವತ್ತು ಬೆಳಿಗ್ಗೆ ಕಾರ್ಯಕ್ರಮದವರಿಗೆ ಪತ್ರ ಬರೆದಿದ್ದೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ, ಬರದಿದ್ದರೆ ಮತ್ತೆ ಬರೆಯುತ್ತೇನೆ. ಭಾನುವಾರ ಯಜಮಾನರ ಗದ್ದೆಗೆ ಹೋಗುತ್ತಿದ್ದೇನೆ. ಪೈಪಿಗೆ ತೂತು ಹಾಕಿಸಿಟ್ಟಿದ್ದೇನೆ.